ಒಬ್ಬರಿಗೆ ಅಪ್ಪ ಸಿಗ್ತಿಲ್ಲ

ಎಂಟುನೂರ ಹನ್ನೆರಡು ಗಂಡಸರನ್ನು ಒಂದು ಕಂಪ್ಯೂಟರಿನೊಳಗೆ ಕೂರಿಸುವುದು ಹುಡುಗಾಟದ ಮಾತಲ್ಲ. ಅದರಲ್ಲೂ ಅವರೆಲ್ಲ ಒಂದೇ ವಂಶದವರಾಗಿದ್ದು, ಮೂವರಲ್ಲಿ ಒಬ್ಬನಿಗೆ ನರಸಿಂಹ ಅಂತಲೇ ಹೆಸರಿದ್ದರೆ ಕೇಳುವುದೇ ಬೇಡ. ಬಸವನಗುಡಿಯ ವೆಂಕಟಾಚಲ ಹದಿನೈದು ವರ್ಷ ಈ ಕೆಲಸ ಮಾಡಿದರು. ಮಾಡಿದರು ಅಂದರೆ, ಅವರು ಬೆತ್ತದ ಕುರ್ಚಿಯಲ್ಲಿ ಕೂತು ಹೇಳಿದರು, ಅವರ ಹೆಂಡತಿ ಅಂಬುಜಮ್ಮ ಟೈಪ್ ಮಾಡಿದರು. ಬಂದ ನೆಂಟರೆಲ್ಲ ಯಾರನ್ನು ಹೊಗಳಿ ಹೋಗುತ್ತಿದ್ದರು ಅಂತ ಬೇರೆ ಹೇಳಬೇಕಾಗಿಲ್ಲ.

ಅಂಬುಜಮ್ಮ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಬೆರಳಚ್ಚುಗಾರ್ತಿಯಾಗಿದ್ದವರು. ಸಾಹೇಬರು ಹೇಳಿದ್ದನ್ನು ಹೇಳಿದ ಹಾಗೆ, ತಪ್ಪಿದ್ದರೆ ತಪ್ಪಿನ ಸಮೇತ ಹೊಡೆದು ಕೊಡುವುದು ಅವರ ಕೈಗೆ ಅಂಟಿಕೊಂಡ ಗುಣ. ವೆಂಕಟಾಚಲ ಟೆಲಿಫೋನ್ ಇಲಾಖೆಯ ಡೈರೆಕ್ಟರಿ ವಿಭಾಗದಲ್ಲಿದ್ದವರು. ಹೆಸರು, ವಿಳಾಸ, ನಂಬರು ಸರಿಯಾಗಿದ್ದರೆ ಲೋಕ ಸರಿಯಾಗಿದೆ ಅಂತ ನಂಬಿದವರು. ಇಂಥ ಇಬ್ಬರು ಒಂದೇ ವರ್ಷ ನಿವೃತ್ತರಾಗಿ ಮನೆಯಲ್ಲಿ ಎದುರಾಬದುರು ಕೂತರೆ ಏನಾಗುತ್ತದೆ? ವಂಶಾವಳಿ ಆಗುತ್ತದೆ. ಮಹಡಿಯ ಮೇಲಿದ್ದ ದೊಡ್ಡ ಮಗ ಮೂರ್ತಿ ತನ್ನ ಹಳೆಯ ಕಂಪ್ಯೂಟರನ್ನು ಕೆಳಗೆ ತಂದಿಟ್ಟು, ಒಂದು ಸಾದಾ ಟೆಕ್ಸ್ಟ್ ಎಡಿಟರ್ ಹಾಕಿಕೊಟ್ಟು, ಇನ್ನು ನನ್ನನ್ನು ಕರೆಯಬೇಡಿ ಅನ್ನುವ ಮುಖ ಮಾಡಿಕೊಂಡು ಹತ್ತಿ ಹೋದ.

ಏರ್ಪಾಟು ವೆಂಕಟಾಚಲರದ್ದೇ. ವಂಶದ ಪ್ರತಿ ಗಂಡಸಿಗೂ ಒಂದು ಫೋಲ್ಡರ್. ಮಗನ ಫೋಲ್ಡರ್ ಅಪ್ಪನ ಫೋಲ್ಡರಿನೊಳಗೆ, ಅಪ್ಪನದು ಅಜ್ಜನದರೊಳಗೆ, ಹೀಗೆ ಹನ್ನೊಂದು ತಲೆಮಾರು. ಪ್ರತಿ ಫೋಲ್ಡರಿನಲ್ಲೂ ‘ವಿವರ’ ಅಂತ ಒಂದು ಫೈಲು. ಅದರಲ್ಲಿ ಹುಟ್ಟಿದ್ದು, ಓದಿದ್ದು, ಕೆಲಸ, ಹೋದವರಾದರೆ ಹೋದ ತಿಥಿ. ಹೆಂಡತಿಗೆ ಒಂದು ಸಾಲು, ಹೆಣ್ಣುಮಕ್ಕಳಿಗೆ ಒಂದೊಂದು ಸಾಲು. ಅದರ ಬಗ್ಗೆ ಅಂಬುಜಮ್ಮನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೊನೆಯಲ್ಲಿ ತಂದೆ ಯಾರು ಅಂತ ತೋರಿಸುವ ಸಾಲು. ಅಲ್ಲಿ ಹೆಸರು ಬರೆಯುವುದಿಲ್ಲ, ದಾರಿ ಬರೆಯುತ್ತಾರೆ. ಉದ್ಧರಣ ಚಿಹ್ನೆಯೊಳಗೆ ಎರಡು ಚುಕ್ಕೆ, ಒಂದು ಓರೆಗೆರೆ, ‘ವಿವರ’: "../ವಿವರ". ಎರಡು ಚುಕ್ಕೆ ಅಂದರೆ ನೀನಿರುವ ಕಡೆಯಿಂದ ಒಂದು ಮೆಟ್ಟಿಲು ಮೇಲೆ ಹತ್ತು ಅಂತ ಅರ್ಥ. ಆ ಸಾಲಿನ ಮೇಲೆ ನಿಂತು ಒಂದು ಕೀ ಒತ್ತಿದರೆ ಅಪ್ಪನ ಫೈಲು ತೆರೆದುಕೊಳ್ಳುತ್ತಿತ್ತು. ಅಲ್ಲಿ ಮತ್ತೆ ಒತ್ತಿದರೆ ಅಜ್ಜನದು. ನೆಂಟರು ಬಂದರೆ ವೆಂಕಟಾಚಲ ಮೊಮ್ಮಗನಿಂದ ಹೊರಟು ಹತ್ತು ಸಲ ಕೀ ಒತ್ತಿ ಮೂಲಪುರುಷನ ತನಕ ಹೋಗಿ ತೋರಿಸುತ್ತಿದ್ದರು. ಕಾಫಿ ಆರಿ ಹೋಗುತ್ತಿತ್ತು.

ಉದ್ಧರಣ ಚಿಹ್ನೆಯ ಬುದ್ಧಿ ಮೊದಲು ಇರಲಿಲ್ಲ. ಅದು ಬಂದದ್ದು ದೊಡ್ಡ ನರಸಿಂಹ ಅನ್ನುವ ಹಿರಿಯರ ದೆಸೆಯಿಂದ. ಎಡಿಟರ್ ಮಹಾಶಯ ಹೆಸರಿನ ನಡುವೆ ಖಾಲಿ ಜಾಗ ಕಂಡ ಕೂಡಲೇ ದಾರಿ ಮುಗಿಯಿತು ಅಂದುಕೊಂಡು ‘ದೊಡ್ಡ’ ಅನ್ನುವಲ್ಲಿಗೆ ನಿಲ್ಲುತ್ತಿತ್ತು. ಹಾಗೊಬ್ಬನಿಲ್ಲ ಅಂತಾದರೂ ಹೇಳುತ್ತಿತ್ತೇ, ಅದೂ ಇಲ್ಲ. ಆ ಹೆಸರಿನಲ್ಲಿ ಹೊಸದಾಗಿ ಒಂದು ಖಾಲಿ ಫೈಲು ತೆರೆದು ಮುಂದಿಡುತ್ತಿತ್ತು. ಗಂಡ ಹೆಂಡತಿ ಒಂದು ಮಧ್ಯಾಹ್ನವೆಲ್ಲ ಕೂತು ‘ದೊಡ್ಡ’ ಅನ್ನುವ, ಎಂದೂ ಹುಟ್ಟದ ಮನುಷ್ಯನಿಗೆ ಎರಡು ಮದುವೆ ಮಾಡಿಸಿ, ಜಹಗೀರು ಕೊಡಿಸಿ, ಕಾಶಿಯಾತ್ರೆಗೆ ಕಳಿಸಿದ್ದರು. ಮಾರನೇ ದಿನ ಅವನನ್ನು ಅಳಿಸಿ, ಎಲ್ಲ ದಾರಿಗೂ ಹಿಂದೆ ಮುಂದೆ ಉದ್ಧರಣ ಚಿಹ್ನೆ ಹಾಕುವ ಪದ್ಧತಿ ಮಾಡಿಕೊಂಡರು. ವೆಂಕಟಾಚಲ ಅಪರೂಪಕ್ಕೆ ತಾವೇ ಕುಟ್ಟಲು ಕೂತರೆ ಚಿಹ್ನೆ ತೆರೆದು ಮುಚ್ಚಲು ಮರೆಯುತ್ತಿದ್ದರು, ಅಂಬುಜಮ್ಮ ಮುಚ್ಚುತ್ತಿದ್ದರು.

ಇನ್ನು ಮಧುಸೂದನನ ವಿಷಯ. ವೆಂಕಟಾಚಲ, ಅಂಬುಜಮ್ಮನಿಗೆ ಹುಟ್ಟಿದವರು ಇಬ್ಬರು ಗಂಡುಮಕ್ಕಳು. ಮೊದಲನೆಯವನು ಮೂರ್ತಿ, ಎರಡನೆಯವನು ಮಧುಸೂದನ. ವೆಂಕಟಾಚಲರ ತಮ್ಮ ಬದರೀನಾರಾಯಣನಿಗೂ ಅವನ ಹೆಂಡತಿ ಪದ್ಮಿನಿಗೂ ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿರಲಿಲ್ಲ. ಮಧುಸೂದನನಿಗೆ ಹನ್ನೊಂದು ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ಅಂಬುಜಮ್ಮನ ಮಾವ ನರಸಿಂಹಯ್ಯನವರು ಕಾಫಿ ಲೋಟ ಕೆಳಗಿಟ್ಟು, ಚಿಕ್ಕದನ್ನು ಬದರಿಗೆ ಕೊಟ್ಟುಬಿಡಿ ಅಂದರು. ಅಂಬುಜಮ್ಮನನ್ನೂ ಕೇಳಿದರು. ಕೇಳಿದ್ದು ನಿಜ, ಆದರೆ ಪುರೋಹಿತರಿಗೆ ದಿನ ಹೇಳಿ ಕಳಿಸಿದ ಮೇಲೆ ಕೇಳಿದರು.

ಹಜಾರದಲ್ಲಿ ದತ್ತುಹೋಮ ನಡೆಯಿತು. ಮಗುವನ್ನು ಕೊಡು ಅಂತ ಬದರೀನಾರಾಯಣ ಕೇಳಬೇಕು, ಕೊಟ್ಟೆ ಅಂತ ವೆಂಕಟಾಚಲ ಅನ್ನಬೇಕು. ಅಂದರು. ದನಿ ಒಂಚೂರೂ ಅಲುಗಲಿಲ್ಲ. ಮಗು ಈ ತೊಡೆಯಿಂದ ಆ ತೊಡೆಗೆ ಹೋಯಿತು. ಅಂಬುಜಮ್ಮನ ಎದೆಯಲ್ಲಿ ಹಾಲು ಇನ್ನೂ ನಿಂತಿರಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಬಿಕ್ಕುತ್ತಿದ್ದ ಅವರ ಕಡೆ ಗಂಡ ಒಂದು ಸಲವೂ ತಿರುಗಿ ನೋಡಲಿಲ್ಲ. ಪೆನ್ನು ಎರವಲು ಕೊಡುವವನೂ ಇಷ್ಟು ಸಲೀಸಾಗಿ ಕೊಟ್ಟೆ ಅನ್ನುವುದಿಲ್ಲ ಅಂತ ಆವತ್ತು ಅನ್ನಿಸಿದ್ದು, ನಲವತ್ತೆರಡು ವರ್ಷ ಕಳೆದರೂ ಅವರಿಗೆ ಹಾಗೇ ಅನ್ನಿಸುತ್ತಿತ್ತು. ಗಂಡನ ಜೊತೆ ಚೆನ್ನಾಗಿಯೇ ಸಂಸಾರ ಮಾಡಿದರು. ಆದರೆ ಮನಸ್ಸಿನ ಒಂದು ಮೂಲೆಯಲ್ಲಿ ಆ ಮನುಷ್ಯನನ್ನು ಕಲ್ಲು ಅಂತ ಬರೆದಿಟ್ಟುಕೊಂಡಿದ್ದರು.

ಮಗು ಹೋದದ್ದು ದೂರಕ್ಕೇನಲ್ಲ, ಹನುಮಂತನಗರಕ್ಕೆ. ಬೆಟ್ಟದ ದೇವಸ್ಥಾನಕ್ಕೆ ಹೋದರೆ ದಾರಿಯಲ್ಲೇ ಮನೆ. ಮಧುಸೂದನ ಇವರನ್ನು ದೊಡ್ಡಪ್ಪ, ದೊಡ್ಡಮ್ಮ ಅಂತ ಕರೆದುಕೊಂಡು ಬೆಳೆದ. ಓದಿದ, ಗಾಂಧಿನಗರದಲ್ಲಿ ಸಿನಿಮಾ ವಿತರಕರೊಬ್ಬರ ಆಫೀಸಿನಲ್ಲಿ ಮ್ಯಾನೇಜರ್ ಆದ, ಮದುವೆಯಾಗಿ ಆರಾಧನಾ ಅನ್ನುವ ಮಗಳ ಅಪ್ಪನಾದ. ಬದರೀನಾರಾಯಣ ತೀರಿಕೊಂಡಾಗ ಅವನೇ ಕೊಳ್ಳಿಯಿಟ್ಟ. ವಿಷಯ ಎಲ್ಲರಿಗೂ ಗೊತ್ತು, ಅವನಿಗೂ ಗೊತ್ತು. ಗೊತ್ತಿದೆ ಅಂತ ಯಾರೂ ಯಾರಿಗೂ ಹೇಳುವುದಿಲ್ಲ, ಅಷ್ಟೆ.

ಹದಿನೈದು ವರ್ಷದ ಹಿಂದೆ, ವಂಶಾವಳಿ ಶುರುವಾದ ಹೊಸದರಲ್ಲಿ, ಅಂಬುಜಮ್ಮ ಒಂದು ಧೈರ್ಯ ಮಾಡಿದ್ದರು. ಗಂಡ ಹೇಳುವ ಮೊದಲೇ ಮಧುಸೂದನನ ಫೋಲ್ಡರನ್ನು ವೆಂಕಟಾಚಲರ ಫೋಲ್ಡರಿನೊಳಗೆ, ಮೂರ್ತಿಯ ಪಕ್ಕದಲ್ಲಿ ಮಾಡಿಟ್ಟಿದ್ದರು. ವೆಂಕಟಾಚಲ ಕನ್ನಡಕ ಏರಿಸಿ ನೋಡಿದರು.

“ಅದನ್ನ ಆ ಕಡೆ ಎಳೆದು ಹಾಕು” ಅಂದರು.

“ಹುಟ್ಟಿದ್ದು ಇಲ್ಲಿ ತಾನೇ?”

“ಕೊಟ್ಟಾಯ್ತಲ್ಲ ಅಂಬುಜ. ಕೊಟ್ಟಿದ್ದು ಕೊಟ್ಟ ಹಾಗೆ.”

ಅಂಬುಜಮ್ಮ ಮೌಸಿನಲ್ಲಿ ಫೋಲ್ಡರನ್ನು ಹಿಡಿದು ಬದರೀನಾರಾಯಣನ ಫೋಲ್ಡರಿಗೆ ಎಳೆದು ಬಿಟ್ಟರು. ಒಳಗಿನ ಫೈಲಿನಲ್ಲಿ ತಂದೆಯ ಸಾಲು ಎರಡು ಚುಕ್ಕೆಯಾಗಿಯೇ ಇತ್ತು. ಒಂದಕ್ಷರ ತಿದ್ದಬೇಕಾಗಲಿಲ್ಲ. ಒಂದು ಮೆಟ್ಟಿಲು ಮೇಲೆ ಹತ್ತಿದರೆ ಮೊದಲು ವೆಂಕಟಾಚಲ ಸಿಗುತ್ತಿದ್ದರು, ಈಗ ಬದರೀನಾರಾಯಣ ಸಿಗುತ್ತಿದ್ದ. ಆವತ್ತಿನಿಂದ ಅಂಬುಜಮ್ಮ ಆ ಫೈಲನ್ನು ತೆರೆಯಲಿಲ್ಲ. ಅವನ ಮದುವೆ, ಮಗಳು, ಹೊಸ ಕೆಲಸ, ಯಾವುದನ್ನು ಸೇರಿಸಬೇಕಾದರೂ ವೆಂಕಟಾಚಲ, “ನೀನು ಬೇಡ ಬಿಡು, ಇದನ್ನ ನಾನೇ ಹಾಕ್ತೀನಿ” ಅಂತ ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದರು. ನನ್ನ ಮೇಲೆ ನಂಬಿಕೆ ಇಲ್ಲ, ಮತ್ತೆ ಎಳೆದು ಹಾಕಿಕೊಂಡುಬಿಡುತ್ತೇನೆ ಅಂತ ಭಯ ಅಂತ ಅಂಬುಜಮ್ಮ ಅರ್ಥ ಮಾಡಿಕೊಂಡರು.

ಈ ವರ್ಷ ವಂಶದವರೆಲ್ಲ ಒಂದು ಕಲ್ಯಾಣ ಮಂಟಪದಲ್ಲಿ ಸೇರುವುದು, ವಂಶಾವಳಿಯನ್ನು ಪುಸ್ತಕ ಮಾಡಿ ಹಂಚುವುದು ಅಂತ ತೀರ್ಮಾನವಾಯಿತು. ಒಂದೊಂದು ಮನೆಗೆ ಒಂದೊಂದು ಪುಟ. ಮೇಲೆ ಗಂಡ ಹೆಂಡತಿ, ಕೆಳಗೆ ಅವರ ಮಕ್ಕಳು. ಆಗ ಅಂಬುಜಮ್ಮ ಇನ್ನೊಂದು ಸಲ ಬಾಯಿಬಿಟ್ಟು ಕೇಳಿದರು.

“ನಮ್ಮ ಪುಟದಲ್ಲಿ ಅವನ ಹೆಸರೂ ಹಾಕೋಣ ಕಣ್ರೀ. ಒಂದೇ ಒಂದು ಸಲ. ನನಗೂ ಎಪ್ಪತ್ತೈದಾಯ್ತು.”

“ಅಚ್ಚಾದ್ಮೇಲೆ ತಿದ್ದಕ್ಕಾಗಲ್ಲ. ಪುಸ್ತಕ ಅಂದ್ರೆ ದಾಖಲೆ” ಅಂದರು ವೆಂಕಟಾಚಲ, ಪೇಪರಿನಿಂದ ಮುಖ ಎತ್ತದೆ.

ಮೂರು ದಿನ ಮನೆಯಲ್ಲಿ ಮಾತಿರಲಿಲ್ಲ. ಆಮೇಲೆ ಅಂಬುಜಮ್ಮನೇ ಎಲ್ಲ ಫೈಲುಗಳನ್ನೂ ಒಂದು ಪೆನ್ ಡ್ರೈವಿಗೆ ಹಾಕಿ, ಪುಟ ಕಟ್ಟುವ ಕೆಲಸಕ್ಕೆ ಚಾಮರಾಜಪೇಟೆಯ ಸುಪ್ರಜಾಳಿಗೆ ಕೊಟ್ಟು ಬಂದರು.

ಸುಪ್ರಜಾ ಅಡ್ಡರಸ್ತೆಯೊಂದರಲ್ಲಿ ಒಂದೂವರೆ ರೂಮಿನ ಡಿಟಿಪಿ ಅಂಗಡಿ ಇಟ್ಟುಕೊಂಡವಳು. ಲಗ್ನಪತ್ರಿಕೆಯಿಂದ ಹಿಡಿದು ಅಭಿನಂದನ ಗ್ರಂಥದವರೆಗೆ ಎಲ್ಲ ಮಾಡುತ್ತಾಳೆ. ಎಂಟುನೂರು ಫೈಲನ್ನು ಒಂದೊಂದಾಗಿ ತೆರೆದು ಕೂರುವ ಪೈಕಿಯಲ್ಲ. ತಾನೇ ಒಂದು ಸಣ್ಣ ಪ್ರೋಗ್ರಾಂ ಬರೆದು, ಪ್ರತಿ ಫೈಲಿನ ತಂದೆಯ ದಾರಿ ಹಿಡಿದು ಹೋಗಿ, ಯಾರ ಮಕ್ಕಳು ಯಾರ ಪುಟಕ್ಕೆ ಅಂತ ತಾನೇ ತಾನಾಗಿ ಜೋಡಿಸುವ ಹಾಗೆ ಮಾಡಿಕೊಂಡಿದ್ದಳು. ಸಮಾವೇಶ ಭಾನುವಾರ. ಗುರುವಾರ ನಾಲ್ಕು ಗಂಟೆಗೆ ಪುಸ್ತಕ ಅಚ್ಚಿಗೆ ಹೋಗಬೇಕು. ಆವತ್ತು ಬೆಳಿಗ್ಗೆ ಹನ್ನೊಂದಕ್ಕೆ ಅವಳ ಫೋನು ಬಂತು. ವೆಂಕಟಾಚಲ ಸ್ನಾನಕ್ಕೆ ಹೋಗಿದ್ದರು.

“ಅಮ್ಮ, ಎಲ್ಲಾ ಕೂತ್ಕೊಳ್ತು. ಎಂಟುನೂರ ಹನ್ನೊಂದು ಜನ ಸರಿಯಾಗಿದಾರೆ. ಒಬ್ಬರಿಗೆ ಅಪ್ಪ ಸಿಗ್ತಿಲ್ಲ.”

“ಮೂಲಪುರುಷರಿಗಾ? ಅವರಿಗೆ ಅಪ್ಪ ಇಲ್ಲಮ್ಮ, ಅಲ್ಲಿಂದಲೇ ಶುರು.”

“ಅವರಲ್ಲ ಅಮ್ಮ, ಅದು ಗೊತ್ತು. ಇವರು ಮಧುಸೂದನ್ ಅಂತ. ಬದರೀನಾರಾಯಣ ಅವರ ಫೋಲ್ಡರಲ್ಲಿದಾರೆ. ಆದ್ರೆ ತಂದೆ ದಾರೀಲಿ ಬೇರೇನೋ ಉದ್ದಕ್ಕೆ ಬರೆದಿದೆ, ಫೈಲ್ ಸಿಗ್ತಿಲ್ಲ ಅಂತಿದೆ. ಎರಡು ಚುಕ್ಕೆ ಹಾಕಿದ್ರೆ ಸರಿಹೋಗತ್ತೆ. ನಾನೇ ಹಾಕಿಬಿಡ್ಲಾ?”

ಅಂಬುಜಮ್ಮನ ಎದೆ ಹೊಡೆದುಕೊಂಡಿತು. ಎರಡು ಚುಕ್ಕೆಯನ್ನು ಹದಿನೈದು ವರ್ಷದ ಹಿಂದೆ ತಾವೇ ಹೊಡೆದಿದ್ದರು. ಅದು ಹೇಗೆ ಕೆಟ್ಟಿತೋ ಏನೋ, ಪೆನ್ ಡ್ರೈವಿಗೆ ಹಾಕುವಾಗ ಏನಾದರೂ ಆಗಿರಬೇಕು ಅಂದುಕೊಂಡರು. ಆದರೆ ಎದೆ ಹೊಡೆದುಕೊಂಡದ್ದು ಅದಕ್ಕಲ್ಲ. ಎಂಟುನೂರ ಹನ್ನೆರಡು ಜನರಲ್ಲಿ ಒಬ್ಬನ ಅಪ್ಪನ ಜಾಗ ಖಾಲಿಯಿತ್ತು, ಅದನ್ನು ತುಂಬಲು ತಮ್ಮನ್ನು ಕೇಳುತ್ತಿದ್ದರು, ಗಂಡ ಬಚ್ಚಲಲ್ಲಿದ್ದರು.

“ಮುಟ್ಟಬೇಡ ಸುಪ್ರಜಾ. ನಾನೇ ಬರ್ತೀನಿ” ಅಂದರು.

ಆಟೋಗೆ ಅಂತ ಗೇಟಿಗೆ ಬರುವಷ್ಟರಲ್ಲಿ ಎದುರಿಗೆ ಮಧುಸೂದನನೇ ಕಾರು ನಿಲ್ಲಿಸಿ ಇಳಿಯುತ್ತಿದ್ದ. ಸಮಾವೇಶದ ಬ್ಯಾನರಿಗೆ ತಾತನ ಫೋಟೋ ಬೇಕಾಗಿತ್ತಂತೆ. ಫೋಟೋ ಆಮೇಲೆ ಕೊಡುತ್ತೇನೆ, ಗಾಂಧಿನಗರಕ್ಕೆ ಹೋಗುವವನು ನನ್ನನ್ನು ಚಾಮರಾಜಪೇಟೆಯಲ್ಲಿ ಇಳಿಸಿ ಹೋಗು ಅಂತ ಅಂಬುಜಮ್ಮ ಅಂದರು. ಅವನು ಬಾಗಿಲು ತೆಗೆದು, ಸೆರಗು ಸಿಕ್ಕಿಕೊಳ್ಳದ ಹಾಗೆ ನೋಡಿ ಮುಚ್ಚಿದ.

“ಏನು ದೊಡ್ಡಮ್ಮ, ಪುಸ್ತಕದಲ್ಲಿ ತಪ್ಪು ಬಂದಿದ್ಯಾ?”

“ಒಂದೇ ಒಂದು.”

“ಯಾರ್ದು?”

“ಹೋಗಿ ನೋಡ್ಬೇಕು.”

ಸುಳ್ಳು ಹೇಳಿ ಅಭ್ಯಾಸವಿಲ್ಲದ ಅಂಬುಜಮ್ಮ ಕಿಟಕಿಯ ಕಡೆ ತಿರುಗಿಕೊಂಡರು. ಗಾಂಧಿ ಬಜಾರಿನ ಸಿಗ್ನಲಿನಲ್ಲಿ ಕಾರು ನಿಂತಿತು. ನಿನಗೇನು ಬೇಕಪ್ಪ ಅಂತ ಅವನನ್ನೇ ಕೇಳಿಬಿಡಬಹುದಾಗಿತ್ತು. ಕೇಳಿದರೆ ಅವನು ನಕ್ಕು, ನಿಮಗೆ ಹೇಗೆ ಸರಿ ಕಾಣುತ್ತೋ ಹಾಗೆ ಮಾಡಿ ಅನ್ನುತ್ತಾನೆ. ಅಂಥವನು ಅವನು. ಅಂಬುಜಮ್ಮ ಕೇಳಲಿಲ್ಲ. ಹೊಡೆಯಬೇಕಾದ ಸಾಲನ್ನು ಮನಸ್ಸಿನಲ್ಲೇ ಜೋಡಿಸಿಕೊಂಡರು. ಮಧುಸೂದನನಿಂದ ಎರಡು ಚುಕ್ಕೆ, ಬದರೀನಾರಾಯಣ. ಮತ್ತೆರಡು ಚುಕ್ಕೆ, ಮಾವನವರು. ಅಲ್ಲಿಂದ ಕೆಳಗಿಳಿದರೆ ವೆಂಕಟಾಚಲ. ಈ ದಾರಿ ಯಾರ ಕಂಪ್ಯೂಟರಿನಲ್ಲಿಟ್ಟರೂ ತಪ್ಪುವುದಿಲ್ಲ. ಭಾನುವಾರ ಪುಸ್ತಕ ಕೈಗೆ ಬಂದ ಮೇಲೆ ಗಂಡ ಎಷ್ಟು ಕೂಗಾಡಿದರೂ ಅಷ್ಟೆ, ಅಚ್ಚಾದ ಮೇಲೆ ತಿದ್ದಕ್ಕಾಗಲ್ಲ ಅಂತ ಅವರೇ ಹೇಳಿದ್ದಾರೆ. ಹಾಗೆ ಯೋಚಿಸಿ ಅಂಬುಜಮ್ಮನಿಗೆ ಖುಷಿಯೇ ಆಯಿತು. ನಲವತ್ತೆರಡು ವರ್ಷಕ್ಕೆ ಒಂದು ಸಲ ಗೆಲ್ಲುವ ಖುಷಿ.

ಅಂಗಡಿಯ ಮುಂದೆ ಇಳಿಸಿ ಹೊರಟುಹೋಗುತ್ತಾನೆ ಅಂದುಕೊಂಡರೆ ಮಧುಸೂದನ, “ಇರಿ, ನಾನೂ ಒಂದ್ಸಲ ಪುಸ್ತಕ ನೋಡ್ತೀನಿ, ಕಾರು ಹಾಕಿ ಬಂದ್ಬಿಡ್ತೀನಿ” ಅಂದ. ಚಾಮರಾಜಪೇಟೆಯಲ್ಲಿ ಕಾರು ಹಾಕಿ ಬರುವುದು ಅಂದರೆ ಹತ್ತು ಹದಿನೈದು ನಿಮಿಷದ ಬಾಬತ್ತು. ಅಷ್ಟು ಹೊತ್ತು ಸಾಕು ಅಂತ ಅಂಬುಜಮ್ಮ ಸರಸರ ಮೆಟ್ಟಿಲು ಹತ್ತಿದರು.

ಸುಪ್ರಜಾ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು. ಪರದೆಯ ಮೇಲೆ ಮಧುಸೂದನನ ಫೈಲು ತೆರೆದಿತ್ತು. ಹದಿನೈದು ವರ್ಷದ ಮೇಲೆ ಅದನ್ನು ನೋಡುತ್ತಿದ್ದ ಅಂಬುಜಮ್ಮ ಮೊದಲು ಕೊನೆಯ ಸಾಲನ್ನು ನೋಡಲೇ ಇಲ್ಲ. ಅವನು ಎಂಟನೇ ಕ್ಲಾಸಿನಲ್ಲಿ ಚರ್ಚಾಸ್ಪರ್ಧೆಯಲ್ಲಿ ಗೆದ್ದದ್ದು, ಕೈ ಮುರಿದುಕೊಂಡದ್ದು, ಮೊದಲನೇ ಕೆಲಸದ ತಾರೀಖು, ಎಲ್ಲ ಇತ್ತು. ಮೂರ್ತಿಯ ಫೈಲಿನಲ್ಲೂ ಇಷ್ಟಿಲ್ಲ. ಆಮೇಲೆ ಕೊನೆಯ ಸಾಲಿಗೆ ಬಂದರು.

ತಂದೆ ಅಂತ ಬರೆದು, ಮುಂದೆ ಉದ್ಧರಣ ಚಿಹ್ನೆ ತೆರೆದಿತ್ತು. ಒಳಗೆ ಎರಡು ಚುಕ್ಕೆಯಿರಲಿಲ್ಲ. ತಮ್ಮ ಮನೆಯ ಕಂಪ್ಯೂಟರಿನ ಡಿ ಡ್ರೈವಿನಿಂದ ಶುರುವಾಗಿ, ಮೂಲಪುರುಷರ ಹೆಸರು, ಓರೆಗೆರೆ, ಅವರ ಮಗನ ಹೆಸರು, ಓರೆಗೆರೆ, ಹೀಗೆ ನಡುವೆ ದೊಡ್ಡ ನರಸಿಂಹರನ್ನೂ ಬಿಡದೆ ಒಂದೊಂದೇ ತಲೆಮಾರು ಇಳಿದು ಬಂದು, ನರಸಿಂಹಯ್ಯ, ವೆಂಕಟಾಚಲ, ವಿವರ ಅಂತ ಮುಗಿದಿತ್ತು. ತೆರೆದ ಉದ್ಧರಣ ಚಿಹ್ನೆಯನ್ನು ಮುಚ್ಚಿರಲಿಲ್ಲ.

“ನೋಡಿ, ಪೂರ್ತಿ ದಾರಿ ಬರೆದಿದಾರೆ” ಅಂದಳು ಸುಪ್ರಜಾ. “ಇದು ನಿಮ್ಮ ಮನೆ ಕಂಪ್ಯೂಟರಲ್ಲಿ ಮಾತ್ರ ನಡೆಯತ್ತೆ. ನನ್ನ ಹತ್ರ ಆ ಡ್ರೈವೇ ಇಲ್ಲ. ಸಾಲದ್ದಕ್ಕೆ ಕೊನೇಲಿ ಕೋಟ್ ಹಾಕೋದು ಮರೆತಿದಾರೆ. ಯಾರಮ್ಮ ಟೈಪ್ ಮಾಡಿದ್ದು?”

ಆ ಕಂಪ್ಯೂಟರನ್ನು ಮುಟ್ಟುವವರು ಇಬ್ಬರೇ. ಚಿಹ್ನೆ ತೆರೆದು ಮುಚ್ಚದೇ ಬಿಡುವವರು ಒಬ್ಬರೇ, ಅದನ್ನು ಹಿಂದೆ ಹಿಂದೆಯೇ ಹೋಗಿ ಮುಚ್ಚಿಕೊಂಡು ಬರುವುದು ಇನ್ನೊಬ್ಬರ ಕೆಲಸ. ಒಂದು ಬೆರಳಿನಲ್ಲಿ ಇಷ್ಟುದ್ದ ಕುಟ್ಟಬೇಕಾದರೆ ಅರ್ಧ ಗಂಟೆಯಾದರೂ ಹಿಡಿದಿರಬೇಕು. ಅಂಬುಜಮ್ಮ ತರಕಾರಿಗೋ ದೇವಸ್ಥಾನಕ್ಕೋ ಹೋದಾಗ ಕೂತು ಕುಟ್ಟಿರಬೇಕು.

“ನಮ್ಮೆಜಮಾನರು” ಅಂದರು.

ಅಂಬುಜಮ್ಮನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಾರಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಸಾಲು ಮನಸ್ಸಿನಲ್ಲಿ ಇನ್ನೂ ಹಾಗೇ ಇತ್ತು, ಬೆರಳುಗಳು ಕೀಗಳ ಮೇಲಿದ್ದವು. ಆದರೆ ಯಾರ ವಿರುದ್ಧ ಅದನ್ನು ಹೊಡೆಯಬೇಕು ಅಂತ ಹೊರಟಿದ್ದರೋ ಆ ಮನುಷ್ಯ ತಮಗಿಂತ ಮುಂಚೆಯೇ ಹೊಡೆದು ಕೂತಿದ್ದ. ಗಂಡನ ಮೇಲಿನ ಹಟ ತೆಗೆದಿಟ್ಟು ನೋಡಿದರೆ ಉಳಿದದ್ದು ಪದ್ಮಿನಿ. ಪದ್ಮಿನಿ ಭಾನುವಾರ ಮಂಟಪದಲ್ಲಿ ಕನ್ನಡಕ ಹಾಕಿಕೊಂಡು ಮೊದಲು ತೆರೆಯುವುದು ತನ್ನ ಪುಟ. ಅದರಲ್ಲಿ ಮೇಲೆ ಹೋದ ಗಂಡನ ಹೆಸರಿರುತ್ತದೆ, ಕೆಳಗೆ ಇರಬೇಕಾದದ್ದು ಒಂದೇ ಹೆಸರು. ಅದು ಬಸವನಗುಡಿಯ ಪುಟಕ್ಕೆ ಹೋದರೆ ಅವಳ ಪುಟದ ಕೆಳಗೆ ಬಿಳಿ ಕಾಗದ ಉಳಿಯುತ್ತದೆ.

ಹೊರಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಅಂಬುಜಮ್ಮ ಉದ್ದದ ಸಾಲನ್ನು ಅಳಿಸಿದರು. ಚಿಹ್ನೆ ತೆರೆದು, ಎರಡು ಚುಕ್ಕೆ, ಓರೆಗೆರೆ, ವಿವರ ಹೊಡೆದು, ಚಿಹ್ನೆ ಮುಚ್ಚಿ ಉಳಿಸಿದರು. ಮೂವತ್ತೊಂದು ವರ್ಷ ಟೈಪ್ ಮಾಡಿದ ಕೈ, ಒಂದು ತಪ್ಪೂ ಆಗಲಿಲ್ಲ.

ಮಧುಸೂದನ ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತ ಒಳಗೆ ಬಂದ. “ಸಿಕ್ತಾ ತಪ್ಪು? ಯಾರ್ದು?”

“ಒಬ್ಬರಿಗೆ ಅಪ್ಪ ಸಿಗ್ತಿರ್ಲಿಲ್ಲ ಸರ್, ಮಧುಸೂದನ್ ಅಂತ” ಅಂದಳು ಸುಪ್ರಜಾ, ಇವನು ಯಾರು ಅಂತ ಗೊತ್ತಿಲ್ಲದೆ. ಪ್ರೋಗ್ರಾಮನ್ನು ಇನ್ನೊಂದು ಸಲ ಓಡಿಸಿ ನೋಡಿದಳು. “ಈಗ ಸಿಕ್ಕಿದ್ರು. ಬದರೀನಾರಾಯಣ ಅಂತ.”

ಮಧುಸೂದನ ಪರದೆಯನ್ನು ನೋಡಿದ. ಅಂಬುಜಮ್ಮನನ್ನು ನೋಡಿದ. “ಹೂಂ, ಅವರೇ” ಅಂದ. ಆಮೇಲೆ ಬಗ್ಗಿ ಅಂಬುಜಮ್ಮನ ಕೈಚೀಲ ಎತ್ತಿಕೊಂಡು, “ಬನ್ನಿ ದೊಡ್ಡಮ್ಮ, ಮನೆಗೆ ಬಿಡ್ತೀನಿ, ಊಟದ ಹೊತ್ತಾಯ್ತು” ಅಂದ. ಗಾಂಧಿನಗರ ಆ ಕಡೆ, ಮನೆ ಈ ಕಡೆ. ಬೇಡ ಅನ್ನಬೇಕು ಅಂತ ಅಂಬುಜಮ್ಮನಿಗೆ ಅನ್ನಿಸಲಿಲ್ಲ. ದಾರಿಯುದ್ದಕ್ಕೂ ಅವನು ಆರಾಧನಾಳ ಪರೀಕ್ಷೆಯ ವಿಷಯ ಹೇಳಿದ, ಇವರು ಕೇಳಿಸಿಕೊಂಡರು.

ಮನೆಯಲ್ಲಿ ವೆಂಕಟಾಚಲ ಊಟ ಮುಗಿಸಿ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು. ಅಂಬುಜಮ್ಮ ಸೀರೆಯನ್ನೂ ಬದಲಾಯಿಸದೆ ಕಂಪ್ಯೂಟರ್ ಹಾಕಿ, ಮಧುಸೂದನನ ಫೈಲು ತೆರೆದು, ಕೊನೆಯ ಸಾಲಿನ ಮೇಲೆ ನಿಂತು ಕೀ ಒತ್ತಿದರು. ಮುಚ್ಚದ ಚಿಹ್ನೆಯನ್ನು ಆ ಎಡಿಟರ್ ಕ್ಷಮಿಸಿತು. ವೆಂಕಟಾಚಲರ ಫೈಲು ತೆರೆದುಕೊಂಡಿತು.

“ಬನ್ನಿ ಇಲ್ಲಿ” ಅಂದರು.

ವೆಂಕಟಾಚಲ ಎದ್ದು ಬಂದು ನಿಂತು ನೋಡಿದರು. ಯಾವ ಫೈಲಿನಿಂದ ಅಲ್ಲಿಗೆ ಬಂದದ್ದು ಅಂತ ಕೇಳಲಿಲ್ಲ.

“ಇದನ್ನ ಯಾವಾಗ ಹಾಕಿದ್ರಿ?”

“ನೀನು ಎಳೆದು ಹಾಕಿದ್ಯಲ್ಲ, ಅದರ ಮಾರನೇ ದಿನ.”

“ದಾಖಲೆ ಅಂದ್ರಿ. ಕೊಟ್ಟಿದ್ದು ಕೊಟ್ಟ ಹಾಗೆ ಅಂದ್ರಿ.”

“ಅದು ಊರಿಗೆ” ಅಂದರು ವೆಂಕಟಾಚಲ. ಕನ್ನಡಕ ಏರಿಸಿಕೊಂಡು, “ಇದು ಈ ಮನೇಲಿ ಮಾತ್ರ ಅಂದ್ಕೊಂಡಿದ್ದೆ. ಕೀ ಒತ್ತಿದ್ರೆ ಅವನಿಂದ ಇಲ್ಲಿಗೆ ಬರ್ತಿತ್ತು. ನೋಡ್ತಿದ್ದೆ, ಅಷ್ಟೆ. ಅಚ್ಚಿನವರಿಗೂ ಹೀಗೇ ಹೋಗಿಬಿಡ್ತಾ?” ಅಂದರು.

“ಹೋಗಿತ್ತು. ಎರಡು ಚುಕ್ಕೆ ಹಾಕಿ ಬಂದೆ. ಪದ್ಮಿನಿ ಪುಟದಲ್ಲೇ ಬರ್ತಾನೆ.”

ವೆಂಕಟಾಚಲ ತಲೆಯಾಡಿಸಿ ಕುರ್ಚಿಯ ಬೆನ್ನು ಹಿಡಿದುಕೊಂಡರು. ಅವರ ಮುಖದಲ್ಲಿ ಕಂಡದ್ದು ಸಮಾಧಾನವೋ ಇನ್ನೇನೋ, ಅಂಬುಜಮ್ಮನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ತಾಳ್ಮೆಯೂ ಇರಲಿಲ್ಲ.

“ನಲವತ್ತೆರಡು ವರ್ಷ ನಿಮ್ಮನ್ನ ಕಲ್ಲು ಅಂದ್ಕೊಂಡು ಬದುಕಿದೀನಿ ಕಣ್ರೀ. ಆವತ್ತು ಹೋಮದಲ್ಲಿ ಒಂದ್ಸಲ, ಒಂದೇ ಒಂದ್ಸಲ ನನ್ನ ಕಡೆ ನೋಡಿದ್ರೆ ಏನಾಗ್ತಿತ್ತು?”

“ನೀನು ಅಳ್ತಿದ್ದೆ” ಅಂದರು ವೆಂಕಟಾಚಲ. ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ, ತಾವು ಮಾಡಿದ ಒಂದು ದೊಡ್ಡ ಕೆಲಸ ಅಂತ ತಿಳಿದಿದ್ದ ಮಾತನ್ನು ಹೊರಗೆ ತೆಗೆಯುವವರ ಹಾಗೆ ನಿಧಾನವಾಗಿ ಹೇಳಿದರು. “ನಿನ್ನ ನೋಡಿದ್ರೆ ನಾನೂ ಅತ್ತುಬಿಡ್ತಿದ್ದೆ. ಇಬ್ಬರೂ ಅತ್ತಿದ್ರೆ ಬದರಿ ಮಗೂನ ತಗೋತಿರ್ಲಿಲ್ಲ ಅಂಬುಜ. ಬೇಡ ಅಂತ ಎದ್ದು ಹೋಗಿಬಿಡ್ತಿದ್ದ.”

ಅಂಬುಜಮ್ಮ ಅವರ ಮುಖವನ್ನೇ ನೋಡಿದರು.

“ಹೌದು” ಅಂದರು. “ನನಗೆ ಬೇಕಾಗಿದ್ದಿದ್ದು ಅದೇ.”